ಸೈರನ್ ಕೇಳದೆ ಕದಲದ ಎತ್ತು

ಪೀಣ್ಯದ ಚಿಕ್ಕಬೈರಪ್ಪನ ಹೊಲವೆಲ್ಲ ಕಾರ್ಖಾನೆಯ ಪಾಲಾದ ಮೇಲೆ ಉಳಿದದ್ದು ಒಂದು ಎತ್ತು, ಕಾರ್ಖಾನೆಯ ಸೈರನ್ ಮೇಲೆ ಹೊಟ್ಟೆತುಂಬ ಸಿಟ್ಟು. ಸಂಕ್ರಾಂತಿಯ ಸಂಜೆ ದನ ಕಿಚ್ಚು ಹಾಯದಿದ್ದರೆ ವರ್ಷವಿಡೀ ರೋಗ ಬಿಡದೆಂಬುದು ಅವನಪ್ಪನ ಕಾಲದ ನಂಬಿಕೆ. ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿ ಹಚ್ಚಿದ. ಎತ್ತು ಕದಲಲಿಲ್ಲ. ತಳ್ಳಿದ, ಬೈದ, ಬೆಲ್ಲ ತೋರಿಸಿದ.

“ಏನಾಗೈತೆ ಇದ್ಕೆ? ಬೆಂಕಿ ಆರೋಯ್ತಾ ಐತೆ.”

“ದಿನಾ ಸೈರನ್ ಕೂಗಿದ್ಮೇಲೇ ತಾನೆ ನೀನು ಅದನ್ನ ಮನೆಗೆ ಒಡ್ಕೊಂಡ್ ಬರಾದು? ಇವತ್ತು ಕಾರ್ಖಾನೆಗೆ ರಜ,” ಎಂದಳು ಹೆಂಡತಿ ಭದ್ರಮ್ಮ. “ನೀನೇ ಕೂಗು.”

“ಆ ದರಿದ್ರದ ತರಾನಾ?”

“ಕಿಚ್ಚು ದಾಟ್ಬೇಕು ಅಂದ್ರೆ ಕೂಗಪ್ಪ.”

ಇಷ್ಟು ವರ್ಷ ಶಪಿಸಿದ್ದ ಸದ್ದನ್ನೇ ಚಿಕ್ಕಬೈರಪ್ಪ ಬಾಯಿಗೆ ಕೈ ಹಿಡಿದು ಉದ್ದಕ್ಕೆ ಕೂಗಿದ. ಎತ್ತು ಒಂದೇ ನೆಗೆತಕ್ಕೆ ಕಿಚ್ಚು ದಾಟಿತು. ಎದುರುಮನೆಯಲ್ಲಿ ಮಲಗಿದ್ದ ಕಾರ್ಖಾನೆ ಕೆಲಸಗಾರನೂ ಊಟದ ಡಬ್ಬಿ ಹಿಡಿದು ಬೀದಿಗೆ ಓಡಿಬಂದ.