ಊರಿಗೆ ಹೋದಾಗ ತೋರಿಸುವ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಾವು ನಾಲ್ವರು ಹೆಂಗಸರು ಒಂದು ಕೋಣೆಯಲ್ಲಿದ್ದೆವು. ಕಿಟಕಿಯ ಪಕ್ಕದ ಮಂಚ ಅವಳದು, ಅದಕ್ಕೆ ತಾಗಿದ್ದು ನನ್ನದು. ಅವಳು ಒಂದು ಹೋಟೆಲಿನಲ್ಲಿ ರೂಮುಗಳನ್ನು ಚೊಕ್ಕಟ ಮಾಡುವ ಕೆಲಸದಲ್ಲಿದ್ದಳು. ನಾನು ಖಾಲಿದಿಯಾದ ಟೈಲರ್ ಅಂಗಡಿಯೊಂದರಲ್ಲಿ ಹೊಲಿಯುತ್ತಿದ್ದೆ. ಅವಳದು ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆ, ನಾನು ಉಡುಪಿಯ ಕಡೆಯವಳು. ಏಳು ವರ್ಷ ಒಟ್ಟಿಗಿದ್ದೆವು. ಈಗ ಅವಳಿಲ್ಲ. ಇದನ್ನು ಬರೆದರೆ ಎದೆ ಹಗುರವಾಗುತ್ತದೆ ಎಂದು ಯಾರೋ ಹೇಳಿದರು. ಇನ್ನೂ ಆಗಿಲ್ಲ.

ನಮ್ಮಲ್ಲಿ ಒಂದು ರೂಢಿಯಿತ್ತು. ಜ್ವರ ಬಂದರೆ ಒಂದು ಮಾತ್ರೆ ನುಂಗುವುದು, ಉಳಿದ ಕಾಯಿಲೆಗಳನ್ನೆಲ್ಲ ರಜೆಗೆ ಇಟ್ಟುಕೊಳ್ಳುವುದು. ಹಲ್ಲುನೋವು, ಕಣ್ಣು ಮಂಜಾಗುವುದು, ಮಂಡಿ, ಮುಟ್ಟಿನ ತೊಂದರೆ ಎಲ್ಲವನ್ನೂ ಎರಡು ವರ್ಷ ಕೂಡಿಟ್ಟು ಊರಿನ ಡಾಕ್ಟರ ಮುಂದೆ ಒಮ್ಮೆಗೇ ಹೇಳುವುದು. ಇನ್ಶೂರೆನ್ಸ್ ಕಾರ್ಡು ಎಲ್ಲರ ಪರ್ಸಿನಲ್ಲೂ ಇತ್ತು. ಆದರೂ ನಮ್ಮ ಅಮ್ಮಂದಿರನ್ನು ಬಲ್ಲ ಡಾಕ್ಟರೇ ಆಗಬೇಕು. ಇಲ್ಲಿ ದೊಡ್ಡದೇನಾದರೂ ಕಂಡುಹಿಡಿದರೆ ವೀಸಾದ ಗತಿ ಏನೋ ಎಂಬ ಹೆದರಿಕೆಯೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊರಿನಲ್ಲಿ ತೋರಿಸಬೇಕಾದ್ದನ್ನು ಅವಳು ಒಂದು ಚೀಟಿಯಲ್ಲಿ ಬರೆದು ಮೊಬೈಲಿನ ಕವರಿನೊಳಗೆ ಇಟ್ಟಿದ್ದಳು. ಹಲ್ಲು. ಕನ್ನಡಕ.

ನಾವು ಒಟ್ಟಿಗಿದ್ದ ಕೊನೆಯ ನವೆಂಬರಿನ ಒಂದು ಶುಕ್ರವಾರ ಇಬ್ಬರಿಗೂ ರಜೆ ಸಿಕ್ಕಿತು. ಅವಳ ಅಕ್ಕನ ಗಂಡ ಅಲ್ ಐನ್ ರಸ್ತೆಯಿಂದ ಒಳಗೆ ಒಬ್ಬ ಅರಬಿಯ ತೋಟ ನೋಡಿಕೊಳ್ಳುತ್ತಿದ್ದರು. ಖರ್ಜೂರದ ಮರಗಳು, ಆಡುಗಳು, ತಗಡಿನ ಮಾಡಿನ ಎರಡು ಕೋಣೆಯ ಮನೆ. ಆ ವಾರ ಮಾಲೀಕರು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ನಮ್ಮನ್ನು ಕರೆದಿದ್ದರು.

ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಆಕಾಶ ಕಪ್ಪಿಟ್ಟಿತು. ಆಡುಗಳು ಒಮ್ಮೆಗೇ ಕೂಗಿದವು. ಯಾರೋ ತಗಡಿನ ಮೇಲೆ ಒಂದು ಹಿಡಿ ಜಲ್ಲಿ ಎಸೆದಂತಾಯಿತು. ಆಮೇಲೆ ಮಾತು ಕೇಳಿಸದಷ್ಟು ಸದ್ದು. ಹತ್ತು ನಿಮಿಷದಲ್ಲಿ ಮರಳೆಲ್ಲ ಬೆಳ್ಳಗಾಯಿತು. ಆಲಿಕಲ್ಲು ಬಿದ್ದರೆ ಫೆಬ್ರವರಿ, ಮಾರ್ಚಿನಲ್ಲಿ, ಇಷ್ಟು ಬೇಗ ಯಾವತ್ತೂ ಕಂಡದ್ದಿಲ್ಲ ಎಂದು ಬಾವ ಆಮೇಲೆ ಹೇಳಿದರು. ಆಗ ಅವರಿಗೆ ಪುರುಸೊತ್ತಿರಲಿಲ್ಲ. ತಲೆಗೊಂದು ಪಾತ್ರೆ ಕವುಚಿಕೊಂಡು, ಮನೆಯ ಕಂಬಳಿಗಳನ್ನೆಲ್ಲ ಎಳೆದುಕೊಂಡು, ಮಾಲೀಕರ ಕಾರಿನ ಮೇಲೆ ಹೊದಿಸಲು ಓಡಿದ್ದರು.

"ಬಾವಾ, ಕಾರಿಗೆ ಚಳಿಯಾ?" ಎಂದು ಅವಳು ಕೂಗಿದಳು.

"ನಗು, ನಗು! ಗಾಜು ಒಡೆದ್ರೆ ನಾನು ಖಲಾಸ್!"

ಸದ್ದು ಕಡಿಮೆಯಾಗುತ್ತಿದ್ದಂತೆ ಅವಳು ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದಳು.

"ಹಿಮ ಮಾರಾಯ್ತಿ, ಹಿಮ!"

"ಹಿಮ ಅಲ್ಲ, ಆಲಿಕಲ್ಲು. ಮೇಲೆ ಬಾ, ತಲೆ ಒಡೀತದೆ."

"ನಿನ್ನದೊಂದು ತಗಾದೆ ಯಾವಾಗ್ಲೂ. ಬೆಳ್ಳಗೆ ಉಂಟು, ತಣ್ಣಗೆ ಉಂಟು. ಮತ್ತೆಂತ ಬೇಕು ನಿಂಗೆ?"

ನಾನೂ ಇಳಿದೆ. ಕಾಲು ಸುಡುವಷ್ಟು ತಣ್ಣಗಿತ್ತು. ಅವಳು ನನ್ನ ಕುತ್ತಿಗೆಯ ಹಿಂದೆ ಒಂದು ಹಿಡಿ ಸುರಿದಳು, ನಾನು ಅಟ್ಟಿಸಿಕೊಂಡು ಹೋದೆ, ಇಬ್ಬರೂ ಜಾರಿ ಬಿದ್ದೆವು. ಫೋಟೋ ತೆಗೆದು ಊರಿಗೆ ಕಳಿಸಿದಳು. ಎರಡೇ ನಿಮಿಷದಲ್ಲಿ ಅವಳ ಅಮ್ಮನ ಫೋನು ಬಂತು, ಸ್ವೆಟರ್ ಹಾಕಿದ್ದೀಯಾ ಎಂದು. ನಲವತ್ತು ದಾಟಿದ ಹೆಂಗಸು ಅವಳು. ಹಾಕಿದ್ದೇನೆ ಎಂದು ಸುಳ್ಳು ಹೇಳಿ, ನನ್ನ ಕಡೆ ನೋಡಿ ನಕ್ಕಳು.

ಜಗಲಿಯ ಮೆಟ್ಟಿಲ ಮೇಲೆ ಕೂತಾಗ ಕಡಲೆಯಷ್ಟು ದೊಡ್ಡದೊಂದು ಆಲಿಕಲ್ಲನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದಳು.

"ಇಂಥದ್ದೇ ಒಂದು ನನ್ನ ಹತ್ರ ಉಂಟು, ನೋಡು" ಎಂದು ನನ್ನ ಕೈ ಹಿಡಿದು ತನ್ನ ಎಡಗಂಕುಳಿಗೆ ಒತ್ತಿದಳು. ಒದ್ದೆ ಬಟ್ಟೆಯ ಅಡಿಯಲ್ಲಿ ಏನೋ ಗಟ್ಟಿ ತಾಗಿತು. ಒತ್ತಿದರೂ ಅತ್ತಿತ್ತ ಸರಿಯಲಿಲ್ಲ.

"ನೋವುಂಟಾ?"

"ಇಲ್ಲ. ಅದಕ್ಕೇ ಸುಮ್ನಿದ್ದೆ. ತೋರಿಸ್ಲಾ? ಆದಿತ್ಯವಾರ ನಂಗೆ ಡ್ಯೂಟಿ ಮಧ್ಯಾಹ್ನ ಮೇಲೆ. ನೀನು ಒಟ್ಟಿಗೆ ಬರ್ತೀಯಾ?"

ಬರುತ್ತೇನೆ ಎನ್ನಬೇಕಿತ್ತು. ಅಷ್ಟು ಖುಷಿಯ ಆ ಶುಕ್ರವಾರ ಹಾಳಾಗುವುದು ನನಗೆ ಬೇಕಿರಲಿಲ್ಲ.

"ಕ್ರಿಸ್ಮಸ್ಸಿಗೆ ಹೇಗೂ ಹೋಗ್ತೀಯಲ್ಲ. ಊರಿಗೆ ಹೋದಾಗ ತೋರಿಸುವ" ಎಂದೆ.

ಅವಳ ಮುಖ ಹಗುರಾದದ್ದನ್ನು ಕಂಡೆ. ನನ್ನ ಬ್ಯಾಗಿನಿಂದ ಪೆನ್ನು ತೆಗೆದುಕೊಂಡು ಚೀಟಿಯಲ್ಲಿ ಮೂರನೆಯದನ್ನು ಬರೆದಳು. ಗಂಟು. ಅಷ್ಟರಲ್ಲಿ ಬಾವ ಚಹಾ ತಂದರು. ಹೊರಡುವಾಗ ಒಂದು ಐಸ್‌ಕ್ರೀಮ್ ಡಬ್ಬಿಯ ತುಂಬ ಆಲಿಕಲ್ಲು ತುಂಬಿಸಿಕೊಂಡು ಬಂದು ನಮ್ಮ ಫ್ರೀಜರಿನಲ್ಲಿಟ್ಟಳು.

ಕ್ರಿಸ್ಮಸ್ಸಿಗೆ ಅವಳಿಗೆ ರಜೆ ಸಿಗಲಿಲ್ಲ. ಚಳಿಗಾಲದಲ್ಲಿ ಹೋಟೆಲು ತುಂಬಿರುತ್ತದೆ, ಏಪ್ರಿಲ್‌ಗೆ ಹೋಗು ಎಂದರು. ಜನವರಿಯಲ್ಲಿ ಅವಳು ಯೂನಿಫಾರ್ಮ್ ತಂದು ನನ್ನ ಮಂಚದ ಮೇಲಿಟ್ಟಳು.

"ಕಂಕುಳಲ್ಲಿ ಉಜ್ಜುತ್ತದೆ. ಸ್ವಲ್ಪ ಬಿಡಿಸಿ ಕೊಡು."

ನಾನು ಬಿಡಿಸಿದೆ. ಎಡಗಡೆಯ ಹೊಲಿಗೆ ಬಿಚ್ಚಿ, ಅರ್ಧ ಇಂಚು ಸಡಿಲ ಮಾಡಿ, ಮತ್ತೆ ಹೊಲಿದೆ. ಬಲಗಡೆಯದನ್ನು ಮುಟ್ಟಲಿಲ್ಲ. ಅಳತೆ ತಿಳಿದವಳು ನಾನು. ಒಂದು ಬದಿ ಮಾತ್ರ ಯಾಕೆ ಬಿಗಿಯಾಗುತ್ತದೆ ಎಂದು ತಿಳಿಯದಷ್ಟು ದಡ್ಡಿಯಲ್ಲ. ಆದರೂ ಹಲ್ಲಿನಿಂದ ದಾರ ಕಡಿದು, ಇಸ್ತ್ರಿ ಹಾಕಿ, ಮಡಿಸಿ ಕೊಟ್ಟೆ. ಇನ್ನು ಮೂರೇ ತಿಂಗಳು ಎಂದೆ. ದೇವರು ನನ್ನನ್ನು ಏನಾದರೂ ಕೇಳುವುದಿದ್ದರೆ ಆ ಹೊಲಿಗೆಯ ಬಗ್ಗೆ ಕೇಳಲಿ.

ಏಪ್ರಿಲ್‌ನಲ್ಲಿ ಹೋದಳು. ಗಂಟನ್ನು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಊರಿನ ಡಾಕ್ಟರು ಬೈದರಂತೆ. ಮುಂದಿನ ಕ್ರಿಸ್ಮಸ್ ಅವಳಿಗೆ ಬರಲಿಲ್ಲ. ನನಗೆ ರಜೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಆ ಐಸ್‌ಕ್ರೀಮ್ ಡಬ್ಬಿಯನ್ನು ಅಷ್ಟರಲ್ಲೇ ಕೋಣೆಯವರು ಯಾರೋ ಮೀನಿಡಲು ಜಾಗವಿಲ್ಲವೆಂದು ಸಿಂಕಿಗೆ ಚೆಲ್ಲಿದ್ದರು.

ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗ ನಾನು ಅತ್ತೆ. ನನ್ನಿಂದಲೇ ಹೀಗಾಯಿತು ಎಂದೆ. ಅವಳ ದನಿ ನೂಲಿನಷ್ಟು ಸಣ್ಣಗಾಗಿತ್ತು.

"ಸುಮ್ನಿರು ಮಾರಾಯ್ತಿ. ಊರಿಗೆ ಹೋದಾಗ ತೋರಿಸುವ ಅಂತಲೇ ನೀನು ಹೇಳ್ತೀ ಅಂತ ಗೊತ್ತಿತ್ತು. ಅದಕ್ಕೇ ನಿನ್ನತ್ರ ಕೇಳಿದ್ದು."

ನನ್ನನ್ನು ಸಮಾಧಾನ ಮಾಡಲು ಹೇಳಿದ್ದಿರಬೇಕು. ಆ ಮಾತಿನಿಂದ ನನಗೆ ಒಂದು ದಿನವೂ ಸಮಾಧಾನ ಸಿಕ್ಕಿಲ್ಲ. ಆದಿತ್ಯವಾರವೇ ಡಾಕ್ಟರ ಹತ್ತಿರ ಹೋಗುವ ಎಂದು ನಾನು ಅಂದಿದ್ದರೆ ನನ್ನನ್ನು ಬೈದುಕೊಂಡಾದರೂ ಬರುತ್ತಿದ್ದಳು. ಅವಳು ಅಂಥವಳು.

ಊರಿಗೆ ಹೋದಾಗ ಅವಳ ಅಕ್ಕ ಆ ಚೀಟಿಯನ್ನು ನನಗೆ ಕೊಟ್ಟರು. ಹಲ್ಲು, ಕನ್ನಡಕ ಎರಡರ ಮೇಲೂ ಗೀಟು ಎಳೆದಿತ್ತು. ಊರಿಗೆ ಹೋದ ಮೇಲೂ ಮೊದಲು ಅವೆರಡನ್ನೇ ತೋರಿಸಿದ್ದಳು. ಮೂರನೆಯದು ಹಾಗೇ ಇದೆ. ಮೊದಲಿನ ಎರಡು ಕಪ್ಪು ಶಾಯಿಯವು. ಮೂರನೆಯದು ನೀಲಿ, ನನ್ನ ಪೆನ್ನಿನದು.