ರಾಣೆಬೆನ್ನೂರಿನಲ್ಲಿ ನಾನು ಹಾಕಿದ ಕೊಸರು

ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿದೇ ಮುದುಕನಾದವನು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನನ್ನ ಸೊಸೆ ಹಾವೇರಿಯಲ್ಲಿ ಎಂಬಿಎ ಸೇರಿದಳು. ಮಾರ್ಕೆಟಿಂಗ್ ಸ್ಟ್ರಾಟಜಿ ಎಂದರೇನು ಎಂದು ಒಮ್ಮೆ ಕೇಳಿದ್ದೆ.

"ಮಂದಿ ಯಾವ್ದು ತಗೋತಾರ, ಯಾಕ ತಗೋತಾರ, ಅದನ್ನ ಮೊದ್ಲ ತಿಳ್ಕೊಳ್ಳೂದ್ರಿ ಮಾವಾರ. ಮಾರೂದು ಆಮ್ಯಾಲೆ."

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಅಗಡಿಯ ಹೆಣ್ಣುಮಕ್ಕಳ ಸಂಘದ ಖಾರದ ಪುಡಿಯನ್ನು ಆರಿಸಿಕೊಂಡಳು. ಅವಳ ಲೆಕ್ಕ ಸರಿಹೋದರೆ ಮಾರಾಟದ ಕೆಲಸವನ್ನು ಅವಳಿಗೇ ಕೊಡುವುದೆಂದು ಸಂಘದವರು ಒಪ್ಪಿದ್ದರು. ಒಂದೇ ಪುಡಿ, ಒಂದೇ ತೂಕ. ಅರ್ಧವನ್ನು ಬಣ್ಣದ ಡಬ್ಬಿಗಳಿಗೆ ತುಂಬಿ ಸೀಲು ಹಾಕಿಸಿದಳು, ಅರ್ಧವನ್ನು ಬರೀ ಚೀಲಗಳಲ್ಲಿ ದಾರ ಕಟ್ಟಿದಳು. ಡಬ್ಬಿಗೆ ಬೆಲೆ ತುಸು ಹೆಚ್ಚು. ಜನ ಆ ಹೆಚ್ಚಿನ ಬೆಲೆ ಕೊಡುತ್ತಾರೆಯೇ ಎಂಬುದನ್ನು ನೋಡಬೇಕಿತ್ತು. ರಾಣೆಬೆನ್ನೂರಿನ ಸಂತೆಯಲ್ಲಿ ಮೇಜು ಹಾಕಿ, ತಾನು ತರಗತಿಗೆ ಹೋಗುವಾಗ ನನ್ನನ್ನು ಕೂರಿಸಿದಳು.

"ಯಾವ್ದು ಕೇಳ್ತಾರೋ ಅದನ್ನ ಕೊಡ್ರಿ, ಅಷ್ಟ. ನಿಮ್ಮ ಪ್ಯಾಟಿ ಬುದ್ಧಿ ಇವತ್ತೊಂದಿನ ಮನ್ಯಾಗ ಇಡ್ರಿ."

ಹಲಗೇರಿಯಿಂದ ಬಂದ ಹೆಂಗಸೊಬ್ಬಳು ಮೊದಲು ಒಂದು ಚೀಲ ಕೊಂಡಳು. "ಕೊಸರು ಹಾಕಂಗಿಲ್ಲೇನ್ರಿ ಅಜ್ಜಾರ? ಬೋಣಿಗಿ ಹೊತ್ತಿನ್ಯಾಗ ಕೈ ಹಿಡೀತೀರಿ?"

ತೂಕದ ಮೇಲೊಂದು ಹಿಡಿ ಹಾಕದೆ ನಾನು ಯಾರನ್ನೂ ಕಳಿಸಿದವನಲ್ಲ. ದಾರ ಬಿಚ್ಚಿ, ಬಣ್ಣ ತೋರಿಸಲು ಬಟ್ಟಲಲ್ಲಿಟ್ಟಿದ್ದ ಪುಡಿಯಿಂದ ಒಂದು ಚಮಚ ಸುರಿದೆ. ಡಬ್ಬಿಗೆ ಹಾಗೆ ಸುರಿಯಲು ಬರುತ್ತಿರಲಿಲ್ಲ. ಅವಳು ಇನ್ನಿಬ್ಬರನ್ನು ಕರೆತಂದಳು. ಅಜ್ಜನ ಕೈ ದೊಡ್ಡದು ಎಂದು ಯಾರೋ ಅಂದರು. ಚೀಲಗಳು ಹೋಗುತ್ತಿರುವುದು ಕೊಸರಿಗಾಗಿಯೇ ಎಂದು ಮಧ್ಯಾಹ್ನದ ಹೊತ್ತಿಗೆ ನನಗೆ ತಿಳಿದಿತ್ತು. ಆದರೂ ಸುರಿದೆ. ಚೀಲಗಳೆಲ್ಲ ಖಾಲಿಯಾದವು.

ಸೊಸೆ ಬಂದು ಉಳಿದ ಡಬ್ಬಿಗಳನ್ನು ನೋಡಿದಳು. "ನೀವು ಮಂದಿಗೇನೂ ಹೇಳ್ಲಿಲ್ಲ ಹೌದಲ್ರಿ?"

"ಏನೂ ಹೇಳ್ಲಿಲ್ಲ ಯವ್ವಾ."

ನಮ್ಮ ಕಡೆಯವರಿಗೆ ಡಬ್ಬಿ ಬೇಕಿಲ್ಲ ಎಂದು ಅವಳು ಬರೆದಳು. ಕಾಲೇಜಿನಲ್ಲಿ ಮೆಚ್ಚಿದರು. ಸಂಘದವರು ಡಬ್ಬಿ ಕೈಬಿಟ್ಟು ಹಾವೇರಿಯ ಅಂಗಡಿಗಳಿಗೆ ಬರೀ ಚೀಲಗಳನ್ನೇ ಕಳಿಸಿದರು. ಅಲ್ಲಿ ಕೊಸರು ಹಾಕುವವರಿರಲಿಲ್ಲ. ಮಾಲು ಹಾಗೇ ವಾಪಸು ಬಂತು.

ಸಂಘದ ಹಿರಿಯಳು ನಮ್ಮ ಮನೆಗೆ ಬಂದು ಸೊಸೆಯ ಎದುರು ಕುಳಿತಳು. "ಓದಿದಾಕಿ ಹೇಳ್ಯಾಳ ಅಂತ ಕೇಳಿದ್ವಿ. ನಿನ್ನ ಮ್ಯಾಲೆ ಸಿಟ್ಟಿಲ್ಲ ಯವ್ವಾ. ಆದ್ರ ಮಾರೂ ಕೆಲ್ಸಕ್ಕ ಬ್ಯಾರೆಯವ್ರನ್ನ ನೋಡ್ತೇವಿ." ನಾನು ಅಲ್ಲೇ ಇದ್ದೆ. ಚಹಾ ಕುಡಿದೆ.

ಅವಳು ಹೋದ ಮೇಲೆ ಸೊಸೆಗೆ ಎಲ್ಲ ಹೇಳಿದೆ. ಅವಳು ಕಪ್ಪುಗಳನ್ನು ಎತ್ತುತ್ತ ಕೇಳಿಸಿಕೊಂಡಳು.

"ಆಕಿ ಕುಂತಾಗ ಹೇಳ್ಬೇಕಿತ್ರಿ ಮಾವಾರ."

"ಈಗ ಅಗಡಿಗೆ ಹೋಗಿ ಹೇಳಿ ಬರ್ತೇನಿ" ಎಂದು ಚಪ್ಪಲಿ ಮೆಟ್ಟಿದೆ.

"ಬ್ಯಾಡ್ರಿ. ಕೆಲ್ಸದ ಆಸೇಕ ಮಾವನ್ನ ಮುಂದ ಮಾಡ್ಯಾಳ ಅಂತಾರ."

ಹೌದು, ಹಾಗೇ ಅನ್ನುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.