ಅವ್ವ ನಗದೇ ಹೋದ ದೃಶ್ಯ

ಭಾನುವಾರ ಫ್ರಾಂಕ್‌ಫರ್ಟ್‌ನ ಫ್ಲೋಮಾರ್ಕ್ಟ್ ಎಂಬ ಹಳೇ ಸಾಮಾನಿನ ಸಂತೆಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್‌ಗಳ ರಾಶಿ ಕಂಡೆ. ಆ ಪ್ಲಾಸ್ಟಿಕ್ ವಾಸನೆ ನನ್ನನ್ನು ನೇರವಾಗಿ ಮಾರ್ಗರೆಟ್ ಆಂಟಿಯ ಸೋಫಾಕ್ಕೆ ಒಯ್ದಿತು.

ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕ ಅಪ್ಪ ನಮ್ಮನ್ನು ಧಾರವಾಡದಿಂದ ಇಲ್ಲಿಗೆ ಕರೆತಂದ ಹೊಸತು. ಕೆಳಮನೆಯ ಆಂಟಿ ಇಂಗ್ಲೆಂಡಿನವರು. ಅಲ್ಲಿಯ ಟಿ.ವಿ.ಗೆ ವರ್ಷಗಟ್ಟಲೆ ಹಾಸ್ಯ ಧಾರಾವಾಹಿ ಬರೆದವರು. ಶನಿವಾರ ಮಧ್ಯಾಹ್ನ ಅವ್ವನನ್ನೂ ನನ್ನನ್ನೂ ಕೂರಿಸಿ ಅವನ್ನೆಲ್ಲ ತೋರಿಸುತ್ತಿದ್ದರು. ತಾವು ಮಾತ್ರ ಅವ್ವನ ಮುಖವನ್ನೇ ನೋಡುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದ ಅವ್ವ, ಯಾರಾದರೂ ಜಾರಿ ಬಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಒಂದು ದಿನ ತೆರೆಯ ಮೇಲೆ ಭಾರತದ ಅಂಗಡಿಯವನೊಬ್ಬ ತಲೆಯಾಡಿಸುತ್ತ ತಪ್ಪುತಪ್ಪು ಇಂಗ್ಲಿಷ್ ಮಾತಾಡಿದ. ಅವ್ವ ನಗಲಿಲ್ಲ.

"ಇದರಾಗ ನಗೂದು ಏನೈತಿ? ನಿಮ್ಮಪ್ಪಾರೂ ಆಫೀಸಿನ್ಯಾಗ ಹಿಂಗ ಮಾತಾಡ್ತಾರ," ಅಂದಳು.

ಏನಂದರೆಂದು ಆಂಟಿ ಕೇಳಿದರು. "ಬಹಳ ಚೆನ್ನಾಗಿದೆಯಂತೆ," ಎಂದು ಸುಳ್ಳು ಹೇಳಿದೆ.

"ಇಲ್ಲ ಮಗು, ನಿಜ ಹೇಳು."

ಹೇಳಿದೆ. ಆಂಟಿ ಟಿ.ವಿ. ಆರಿಸಿದರು. ಇನ್ನು ನಮ್ಮನ್ನು ಕರೆಯುವುದಿಲ್ಲವೆಂದು ನನಗೆ ಅಳು ಬಂತು. ಆದರೆ ಅವರು ಅವ್ವನ ಕೈ ಹಿಡಿದು, "ಇದನ್ನು ಬರೆದಾಗ ಅಂಥ ಅಂಗಡಿಯವರು ನನಗೆ ಒಬ್ಬರೂ ಗೊತ್ತಿರಲಿಲ್ಲ. ನಿಮ್ಮೂರಿನವರು ಹೇಗಿರುತ್ತಾರೆ, ಹೇಳಿ" ಎಂದರು.

ಅವ್ವ ಎದ್ದು ನಿಂತು ನಮ್ಮ ಕಿರಾಣಿ ಅಂಗಡಿಯ ಕಾಕಾ ಆದಳು. ಬೆಲ್ಲಕ್ಕೆ ಬಾಯಿ ಹಾಕಿದ ಆಕಳಿಗೆ ಕೈಮುಗಿದು, "ಬರ್ರಿ ಅಕ್ಕಾರ, ಚೀಟಿ ತಂದೀರೇನು?" ಎಂದಳು. ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಆಂಟಿ ಕನ್ನಡಕ ತೆಗೆದು, ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೊನ್ನೆ ಇದನ್ನೆಲ್ಲ ಫೋನಿನಲ್ಲಿ ಅವ್ವನಿಗೆ ನೆನಪಿಸಿದೆ.

"ಹೌದವಾ, ಈ ದೇಶಕ್ಕ ಬಂದ ಮ್ಯಾಲೆ ನಿನಗ ಏನನಸತೈತಿ ಅಂತ ನನ್ನ ಮೊದಲ ಕೇಳಿದಾಕಿ ಆಕೀನ," ಅಂದಳು.